ಗಂಟು ಬಿಚ್ಚುವ ಮೊದಲು

ಮೊನ್ನೆ ಧಾರವಾಡದ ಬಟ್ಟೆ ಅಂಗಡಿಯೊಂದರಲ್ಲಿ ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ತುಸು ಹುಳಿಯಾದ ಗಂಜಿ, ಅದರೊಳಗೆ ನೆನೆದ ನೂಲು... ರಾಮದುರ್ಗದ ನಮ್ಮ ನೇಕಾರ ಮನೆಯ ವಾಸನೆ ಅದು. ಅದರ ಹಿಂದೆಯೇ ನಮ್ಮ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಡಾಕ್ಟರಬಾಯಿ ನೆನಪಾದರು.

ದವಾಖಾನೆಗೆ ಹೊಸದಾಗಿ ಬಂದಿದ್ದರು. ಇನ್ನೂ ಚಿಕ್ಕ ವಯಸ್ಸು, ಆದರೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಾಲ್ಯದಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿ ಹೋಗಿತ್ತು. ನಾನಾಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ನಾನು ದಿನಚರಿ ಬರೆಯುವುದನ್ನು ಕಂಡು, "ಯಾರ ಮನಿ ಯಾವತ್ತು ಸೋರಿತು ಅನ್ನೂದು ಈಕಿ ಹಂತ್ಯಾಕ ಬರದದ್ದೈತಿ" ಎಂದು ನಗುತ್ತಿದ್ದರು.

ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಊರಿಗೆ ಫ್ಲೂ ಜ್ವರ ಬಂತು. ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಒಂದು ಸಂಜೆ ಡಾಕ್ಟರಬಾಯಿ, ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯ ಅಂಚಿಗೆ ಬಂದು ಕುಳಿತರು. ನೇಯುತ್ತಿದ್ದ ನಮ್ಮಜ್ಜ ಕೇಳಿದ:

"ಆ ಜ್ವರದ ಹುಳಕ್ಕ ಹೊಟ್ಟಿಲ್ಲ, ಕೈಯಿಲ್ಲ ಅಂತೀರಿ. ಮತ್ತ ಇಷ್ಟೊಂದು ಹೆಂಗ ಆಗತಾವ್ರಿ?"

"ಅದಕ್ಕ ಸ್ವಂತ ಮಗ್ಗ ಇಲ್ರಿ ಅಜ್ಜಾರ. ಗಂಟಿನ್ಯಾಗ ಒಂದು ನಕ್ಷಿ ಕಟಗೊಂಡು ಬೀಗರಂಗ ಒಳಗ ಬರತೈತಿ. ಒಳಗ ಬಂದು ಗಂಟು ಬಿಚ್ಚಿ, ನಿಮ್ಮ ಮಗ್ಗಕ್ಕ, ನಿಮ್ಮ ನೂಲಿಗೆ ತನ್ನ ನಕ್ಷಿ ಹಚ್ಚತೈತಿ. ನಿಮ್ಮ ಸೀರಿ ನಿಂತು ಅದರ ಸೀರಿ ಇಳಿಯಾಕ ಹತ್ತತಾವು."

"ಕೂಲಿ?"

"ಎಲ್ಲೀ ಕೂಲಿ! ಕಡೀಕ ಮಗ್ಗನೂ ಹಾಳು."

"ಹಂಗಾರ ಅದು ನಮಗ ನೂಲು ಕೊಡೂ ಸಾವಕಾರನ ಆತು ಬಿಡ್ರಿ" ಎಂದ ಅಜ್ಜ. ಅವರು ಕೆಮ್ಮು ಬರುವಷ್ಟು ನಕ್ಕರು.

ಆಮೇಲೆ ನನಗೆ ಬಿಡಿಸಿ ಹೇಳಿದರು. ವೈರಸ್ಸು ಮೈಮೇಲಿನ ಮುಳ್ಳುಗಳಿಂದ ಗಂಟಲಿನ ಜೀವಕೋಶವನ್ನು ಹಿಡಿಯುತ್ತದೆ. ಕೋಶವೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿ ಅದರ ಹೊದಿಕೆ ಕಳಚಿ, ಒಳಗಿನ ನಕ್ಷೆಯ ತುಂಡುಗಳು ಹೊರಬರುತ್ತವೆ. ಕೋಶ ತನ್ನ ಕೆಲಸ ಬಿಟ್ಟು ಅವುಗಳ ಪ್ರತಿಗಳನ್ನು ಮಾಡತೊಡಗುತ್ತದೆ. ಹೊಸ ವೈರಸ್ಸುಗಳು ಕೋಶದ ಅಂಚಿನಲ್ಲಿ ಮೊಗ್ಗಿನಂತೆ ಉಬ್ಬಿ, ತಮ್ಮದೇ ಒಂದು ಕತ್ತರಿಯಿಂದ ಬಿಡಿಸಿಕೊಂಡು ಪಕ್ಕದ ಕೋಶಕ್ಕೆ ಹೋಗುತ್ತವೆ. ಆ ಕತ್ತರಿಯನ್ನು ತಡೆಯುವ ಮಾತ್ರೆ ಇನ್ನೂ ಇಲ್ಲವೆಂದರು. ಆದರೆ ಗಂಟು ಬಿಚ್ಚದಂತೆ ತಡೆಯುವ ಒಂದು ಮಾತ್ರೆ ಹೊರದೇಶದಲ್ಲಿತ್ತು, ಅಮಾಂಟಡೀನ್. ಅದನ್ನು ಮೊದಲೇ ನುಂಗಿರಬೇಕು, ಇಲ್ಲವೇ ಜ್ವರ ಕಾಣಿಸಿದ ಕೂಡಲೇ. ನಕ್ಷೆ ಮಗ್ಗಕ್ಕೆ ಏರಿದ ಮೇಲೆ ಅದರಿಂದ ಹೆಚ್ಚೇನೂ ಆಗದು. ಅವರು ಬೆಳಗಾವಿಯ ಔಷಧಿ ಅಂಗಡಿಗಳಲ್ಲೆಲ್ಲ ವಿಚಾರಿಸಿದರು. ಯಾರೂ ಅದರ ಹೆಸರನ್ನೇ ಕೇಳಿರಲಿಲ್ಲ.

ಕೈಯಲ್ಲಿ ಮಾತ್ರೆ ಇಲ್ಲದ್ದರಿಂದ ಅವರು ಓಣಿಯಲ್ಲಿ ಒಂದೇ ಮಾತು ಹೇಳುತ್ತ ತಿರುಗಿದರು: ಲಾಳಿಗೆ ಬಾಯಿ ಹಚ್ಚಬೇಡಿರಿ. ನೂಲು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಸಣ್ಣ ತೂತಿನಿಂದ ಆ ನೂಲಿನ ತುದಿಯನ್ನು ಉಸಿರೆಳೆದು ಹೊರತೆಗೆಯುವುದು ನಮ್ಮವರ ರೂಢಿ. ಒಬ್ಬರು ಹೀರಿಟ್ಟ ಲಾಳಿಯನ್ನು ಇನ್ನೊಬ್ಬರು ಹೀರುತ್ತಾರೆ. ತಂತಿಯ ಕೊಕ್ಕೆ ಬಳಸಿರೆಂದರೆ, "ನೂಲು ಹರದರ ನೀವು ಹೊಲಿಗಿ ಹಾಕಿ ಕೊಡತೀರೇನ್ರಿ?" ಎಂದು ಓಣಿಯವರು ನಗುತ್ತಿದ್ದರು.

ಆ ವಾರವೇ ನಮ್ಮ ಮಗ್ಗಕ್ಕೆ ಹೊಸ ಹಾಸು, ಎಂದರೆ ಸೀರೆಯ ಉದ್ದನೆಯ ಎಳೆಗಳನ್ನು, ಏರಿಸಿದರು. ಅಂಥ ದಿನ ಮೊದಲ ಲಾಳಿಯ ನೂಲನ್ನು ಹೀರಿ ತೆಗೆಯುವ ಮರ್ಯಾದೆಯನ್ನು ಮನೆಗೆ ಬೇಕಾದವರಿಗೆ ಕೊಡುತ್ತಿದ್ದೆವು. ಅಜ್ಜ ಡಾಕ್ಟರಬಾಯಿಯನ್ನು ಕರೆದ. ಲಾಳಿಯನ್ನು ಧೋತರದಿಂದ ಚೊಕ್ಕಾಗಿ ಒರೆಸಿದ. ಕುಂಕುಮ ಹಚ್ಚಿದ. ಅವರಿಗೆ ಉಸಿರು ಕಡಿಮೆಯಲ್ಲವೇ, ತ್ರಾಸಾಗಬಾರದೆಂದು ತಾನೇ ಮೊದಲು ಬಾಯಿಟ್ಟು ನೂಲನ್ನು ಅರ್ಧ ಎಳೆದು ಕೊಟ್ಟ. ಅವರು ಲಾಳಿಯನ್ನು ನೋಡಿದರು, ಅಜ್ಜನ ಮುಖ ನೋಡಿದರು... ಆಮೇಲೆ ಬಾಯಿಗಿಟ್ಟರು.

ಮರುದಿನ ಅಜ್ಜನಿಗೆ ಜ್ವರ. ಅವನು ಚೇತರಿಸಿ ಏಳುವಷ್ಟರಲ್ಲಿ ಡಾಕ್ಟರಬಾಯಿ ಹಾಸಿಗೆ ಹಿಡಿದಿದ್ದರು.

ನಾನು ಅವರ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದೆ, ಜ್ವರದ ಅಂಕಿ ಬರೆದುಕೊಳ್ಳುತ್ತಿದ್ದೆ. ಬರೆದರೆ ಏನಾದರೂ ಮಾಡಿದಂತೆ ಅನಿಸುತ್ತಿತ್ತು. ದವಾಖಾನೆಯವರು ಪೆನ್ಸಿಲಿನ್ ಚುಚ್ಚಿದರು. ಅದು ಫ್ಲೂ ಹಿಂದೆಯೇ ಬರುವ ಬೇರೆ ಸೋಂಕಿಗೆ, ಈ ವೈರಸ್ಸಿಗಲ್ಲ ಎಂದು ಡಾಕ್ಟರಬಾಯಿಯೇ ಮೆಲ್ಲಗೆ ಹೇಳಿದರು. ತಮ್ಮೊಳಗೆ ಏನು ನಡೆಯುತ್ತಿದೆಯೆಂದು ಮೆಟ್ಟಿಲು ಮೆಟ್ಟಿಲಾಗಿ ಅವರಿಗೆ ಗೊತ್ತಿತ್ತು. ಒಂದು ಮೆಟ್ಟಿಲನ್ನೂ ತಡೆಯುವಂತಿರಲಿಲ್ಲ.

ಅಜ್ಜ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದ: "ನನ್ನ ಬಾಯಿಂದನ ಬಂತೇನ್ರಿ?"

"ಇಡೀ ಊರ ನನ್ನ ಮಾರಿ ಮ್ಯಾಲೆ ಕೆಮ್ಮೇತ್ರಿ ಅಜ್ಜಾರ. ನೀವೊಬ್ಬರ ಯಾಕ ಪಾಲು ಕೇಳತೀರಿ?" ಎಂದರು. ಅಷ್ಟು ಹೇಳಲಿಕ್ಕೆ ಎರಡು ಸಲ ನಿಲ್ಲಬೇಕಾಯಿತು.

ಮರುದಿನ ಮಧ್ಯಾಹ್ನ, ಬೆಳಗಾವಿಗೆ ಒಯ್ಯಲು ಜೀಪು ಬರುವುದರೊಳಗೆ, ಆ ಹೃದಯ ಸೋತಿತು.

ಈಗ ಆರು ವರ್ಷವೂ ಆಗಿಲ್ಲ. ಅಜ್ಜ ನೇಯುವುದನ್ನು ಬಿಟ್ಟಿದ್ದಾನೆ. ನಾನು ರಜೆಗೆ ಊರಿಗೆ ಹೋದಾಗಲೆಲ್ಲ, ಚಹಾ ಕುಡಿದು ಮುಗಿಸುವವರೆಗೆ ಕಾಯ್ದು ಕೇಳುತ್ತಾನೆ: "ಆ ಗಂಟು ಬಿಚ್ಚದಂಗ ಮಾಡೂ ಗುಳಿಗಿ ಈಗರೆ ಬಂದಾವೇನವಾ?"

ಹೋದ ಸಲವೂ ಔಷಧಿ ಅಂಗಡಿಯಲ್ಲಿ ವಿಚಾರಿಸಿಯೇ ಹೋಗಿದ್ದೆ. "ಇನ್ನೂ ಇಲ್ಲಜ್ಜ" ಎಂದೆ.

"ಬರಲಿ" ಎಂದ. ಯಾರಿಗೆ ಎಂದು ನಾನು ಕೇಳಲಿಲ್ಲ.