ಚಹಾಕ್ಕೆ ಜಾಗವಿಲ್ಲದ ಹಾಳೆ

ವಗಿನೊ ಮೂಟೆ ಇಳಿಸುವುದನ್ನು ಒಮ್ಮೆಯಾದರೂ ನೋಡಬೇಕು. ಅವನು ಎಳೆಯುವುದಿಲ್ಲ, ಏದುಸಿರು ಬಿಡುವುದಿಲ್ಲ, ಅಯ್ಯೋ ಅಮ್ಮಾ ಎನ್ನುವುದಿಲ್ಲ. ವ್ಯಾನಿನ ಅಂಚಿಗೆ ಬೆನ್ನು ಕೊಟ್ಟು ನಿಂತು ಒಂದಿಷ್ಟು ಬಾಗುತ್ತಾನೆ, ಅಷ್ಟೆ. ಸಕ್ಕರೆ ಮೂಟೆ ತಾನಾಗಿಯೇ ಹೆಗಲಿಗೆ ಬಂದು ಕೂರುತ್ತದೆ. ಐವತ್ತೆಂಟು ವರ್ಷದ ಮನುಷ್ಯ. ಅದರಲ್ಲಿ ಇಪ್ಪತ್ತೇಳು ವರ್ಷ ಜಾವಾದ ನಮ್ಮ ಕ್ಲಾತೆನ್ ಪೇಟೆಯ ಕೋ ಗುನಾವನ್ ಅವರ ಸಗಟು ಅಂಗಡಿಯಿಂದ ಹಳ್ಳಿಯ ಅಂಗಡಿಗಳಿಗೆ ಸಾಮಾನು ಸಾಗಿಸುವುದರಲ್ಲೇ ಕಳೆದಿವೆ. ದಕ್ಷಿಣದ ಹಳ್ಳಿಗಳ ದಾರಿ ಅವನದು. ಆ ದಾರಿಯಲ್ಲಿ ಅವನನ್ನು ಬರೀ ಹೆಸರು ಹಿಡಿದು ಕರೆಯುವವರಿಲ್ಲ. ಸಣ್ಣವರು ದೊಡ್ಡವರು ಎಲ್ಲರೂ ಮರ್ಯಾದೆಯಿಂದ ಪಾಕ್ ವಗಿನೊ ಎನ್ನುತ್ತಾರೆ.

ದಿನಕ್ಕೆ ಹತ್ತು ಅಂಗಡಿ. ಹತ್ತರಲ್ಲೂ ಚಹಾ. ಗಾಜಿನ ಲೋಟ, ಮೇಲೊಂದು ತಗಡಿನ ಮುಚ್ಚಳ, ಒಳಗೆ ಮಲ್ಲಿಗೆಯ ಘಮ, ಚಮಚ ನಿಲ್ಲುವಷ್ಟು ಸಕ್ಕರೆ. ಲೋಟ ಮುಂದೆ ಬಂತೆಂದು ಬಾಯಿಗಿಡುವ ಹಾಗಿಲ್ಲ. ಮನೆಯಾಕೆ "ತಗೊಳ್ಳಿ" ಎನ್ನಬೇಕು. ಆಕೆಗೆ ಮಾತು ಸಾಕು ಅನಿಸಿದಾಗ ಹಾಗೆನ್ನುತ್ತಾಳೆ, ಅಲ್ಲಿಯವರೆಗೆ ಕೂತು ಮಾತಾಡಬೇಕು. ಕುಡಿಯದೆ ಎದ್ದು ಹೋದವನನ್ನು ನಮ್ಮ ಕಡೆ ಯಾರೂ ಬೈಯುವುದಿಲ್ಲ. ಮುಂದಿನ ಸಲ ಬಂದಾಗ ನಗುನಗುತ್ತಲೇ ಬೇರೆ ಕಡೆ ತಿರುಗಿಕೊಳ್ಳುತ್ತಾರೆ. ಅದಕ್ಕಿಂತ ಬೈಸಿಕೊಳ್ಳುವುದೇ ವಾಸಿ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಆದರೆ ಕೋ ಗುನಾವನ್ ಅವರಿಗೆ ಒಂದು ತಲೆನೋವಿತ್ತು. ಒಂದು ದಾರಿಯಲ್ಲಿ ಕಳಿಸಿದ ಸಕ್ಕರೆ ಮಾರಾಟವಾಗದೆ ವಾಪಸು ಬರುತ್ತಿತ್ತು, ಇನ್ನೊಂದು ದಾರಿಯಲ್ಲಿ ಸಾಲದೆ ಜನ ಬಾಯಿಬಾಯಿ ಬಿಡುತ್ತಿದ್ದರು. ಅವರು ಜಕಾರ್ತದಿಂದ ಸಲಹೆಗಾರರನ್ನು ಕರೆಸಿದರು. ಸಲಹೆಗಾರರು ಯೋಗ್ಯಕರ್ತದ ವಿಶ್ವವಿದ್ಯಾಲಯದವರನ್ನು ಜೊತೆಗೆ ಕರೆತಂದರು. ಸಲಹೆಗಾರರಿಗೆ ಅವರ ಡಾಕ್ಟರೇಟಿನ ಮುದ್ರೆ ಬೇಕಿತ್ತು, ವಿಶ್ವವಿದ್ಯಾಲಯದವರಿಗೆ ಸಂಶೋಧನೆಗೆ ನಿಜವಾದ ಗೋದಾಮು, ನಿಜವಾದ ವ್ಯಾನು ಬೇಕಿತ್ತು. ಹೀಗೆ ಕೂಡಿಬಂದ ಸಂಬಂಧ.

ಸಲಹೆಗಾರರ ಕಡೆಯವನು ಬಿನ್ಸಾರ್. ಸುಮಾತ್ರದ ಬಾತಕ್ ಹುಡುಗ, ಮೂವತ್ತೆರಡರ ವಯಸ್ಸು, ಗಟ್ಟಿ ಗಂಟಲು. ನಾವು ಜಾವಾದವರು ಮೂರು ಮನೆ ಸುತ್ತಿ ಹೇಳುವುದನ್ನು ಅವನು ಬಾಗಿಲಲ್ಲೇ ನಿಂತು ಹೇಳಿಬಿಡುವವನು. ವಿಶ್ವವಿದ್ಯಾಲಯದ ಕಡೆಯಿಂದ ಬಂದಾಕೆ ಬು ಹಪ್ಸಾರಿ. ಗಂಡಸರಿಗೆ ಪಾಕ್ ಎನ್ನುವಂತೆ ಹೆಂಗಸರಿಗೆ ನಾವು ಮರ್ಯಾದೆಗೆ ಬು ಎನ್ನುತ್ತೇವೆ. ಮೆಲುದನಿ, ದಪ್ಪ ಕನ್ನಡಕ, ಒಂದು ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಎರಡನೆಯದನ್ನು ಹುಟ್ಟಿಸುವ ಗುಣ. ಅವನಿಗೆ ತಿಂಗಳ ಕೊನೆಯೊಳಗೆ ಉತ್ತರ ಬೇಕು. ಈಕೆಗೆ ಒಂದು ವರ್ಷವಾದರೂ ನೋಡಬೇಕು. "ಬು, ನಿಮ್ಮ ಪ್ರಶ್ನೆಗಳು ಮುಗಿಯೋ ಹೊತ್ತಿಗೆ ಈ ವ್ಯಾನುಗಳು ಗುಜರಿ ಸೇರಿರ್ತವೆ," ಎಂದು ಅವನು ಗೋದಾಮಿನ ನಡುವೆ ನಿಂತೇ ಹೇಳಿದ್ದ. ಆಕೆ ನಕ್ಕು, ವ್ಯಾನುಗಳಿಗೆ ಎಷ್ಟು ವರ್ಷವಾಯಿತು ಎಂದು ಕೇಳಿ ಬರೆದುಕೊಂಡಿದ್ದಳು.

ಇಬ್ಬರೂ ಸೇರಿ ಒಂದು ಹಾಳೆ ಮಾಡಿದರು. ಪ್ರತಿ ಅಂಗಡಿಯಲ್ಲಿ ಎಷ್ಟೆಷ್ಟು ನಿಮಿಷ ಹೋಯಿತೆಂದು ಚಾಲಕರು ನಾಲ್ಕು ಕಾಲಂಗಳಲ್ಲಿ ಬರೆಯಬೇಕು: ಓಡಾಟ, ಇಳಿಸುವುದು, ಕಾಗದಪತ್ರ, ವ್ಯರ್ಥ. ಬರೆದದ್ದು ನಿಜವೆಂದು ಕೆಳಗೆ ಅಂಗಡಿಯವರು ಓದಿ ಸಹಿ ಹಾಕಬೇಕು.

ಮೊದಲ ದಿನ ವಗಿನೊ ತನ್ನ ದಾರಿಯಲ್ಲಿ ಮೊದಲಿಗೆ ಸಿಗುವ ಬು ಪೋನಿರಾಳ ಅಂಗಡಿಯ ಬೆಂಚಿನ ಮೇಲೆ ಆ ಹಾಳೆ ಹಿಡಿದು ಕೂತ. ಆರು ಮೂಟೆ ಇಳಿಸಿಯಾಗಿತ್ತು, ಚಹಾ ಕುಡಿದಾಗಿತ್ತು. ಓಡಾಟ ಬರೆದ, ಕಾಗದಪತ್ರ ಬರೆದ. ಮಿಕ್ಕ ಚಹಾದ ಹೊತ್ತನ್ನು ಎಲ್ಲಿ ಬರೆಯುವುದು? ಉಳಿದಿದ್ದು ‘ವ್ಯರ್ಥ’ ಒಂದೇ. ಎದುರಿಗೆ ಬು ಪೋನಿರಾ ಸಹಿ ಹಾಕಲು ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಇಪ್ಪತ್ತೇಳು ವರ್ಷ ಚಹಾ ಕೊಟ್ಟ ಕೈಯಿಂದಲೇ, ನಿನ್ನ ಚಹಾ ವ್ಯರ್ಥ ಎಂದು ಬರೆದು ಅದರ ಕೆಳಗೆ ಸಹಿ ಹಾಕಿಸಿಕೊಳ್ಳುವುದೇ? ವಗಿನೊಗೆ ಮೈಯೆಲ್ಲ ಮುಜುಗರವಾಯಿತು. ‘ಇಳಿಸುವುದು’ ಎಂಬಲ್ಲಿ ಇಪ್ಪತ್ತೈದು ಎಂದು ಬರೆದು ಹಾಳೆ ಮುಂದೆ ಚಾಚಿದ. ಆಕೆ ಓದಿ, "ಪಾಪ, ಇಷ್ಟೊತ್ತು ಬೆನ್ನು ಮುರ್ಕೊಂಡ್ರಾ?" ಎಂದು ನಕ್ಕು ಸಹಿ ಹಾಕಿದಳು. ಉಳಿದ ಒಂಬತ್ತು ಅಂಗಡಿಗಳಲ್ಲೂ ಹಾಗೆಯೇ ಆಯಿತು. ನಾಲ್ಕು ವಾರ ಪೂರ್ತಿ ಹಾಗೆಯೇ ಆಯಿತು. ಪೇಟೆಯ ದೊಡ್ಡ ಅಂಗಡಿಗಳಿಗೆ ಹೋಗುವ ಬೇರೆ ಚಾಲಕರಿಗೆ ಈ ಪೇಚಾಟವಿರಲಿಲ್ಲ, ಅಲ್ಲಿ ಅವರಿಗೆ ನೀರು ಕೊಡುವವರೂ ಇರಲಿಲ್ಲ.

ಐದನೆಯ ವಾರ ಗೋದಾಮಿನಲ್ಲಿ ಎಲ್ಲರನ್ನೂ ಕೂರಿಸಿ ಗೋಡೆಯ ಮೇಲೆ ಚಿತ್ರ ತೋರಿಸಿದರು. ಒಬ್ಬೊಬ್ಬ ಚಾಲಕನಿಗೂ ಒಂದೊಂದು ಕಂಬ. ವಗಿನೊನ ಕಂಬ ಎಲ್ಲರದಕ್ಕಿಂತ ಎತ್ತರವಿತ್ತು. ಒಂದು ಗಳಿಗೆ ಅವನು ಅದನ್ನು ಹೊಗಳಿಕೆ ಎಂದೇ ತಿಳಿದ. ಆಮೇಲೆ ಬಿನ್ಸಾರ್ ಬಿಡಿಸಿ ಹೇಳಿದ. ಬೇರೆಯವರು ಏಳು ನಿಮಿಷದಲ್ಲಿ ಇಳಿಸುವ ಸಾಮಾನಿಗೆ ಇವರಿಗೆ ಇಪ್ಪತ್ತೈದು ನಿಮಿಷ ಬೇಕಾಗುತ್ತಿದೆ, ವಯಸ್ಸಾಗಿದೆ, ಅದರಲ್ಲಿ ಅವರ ತಪ್ಪೇನಿಲ್ಲ. ಬರುವ ತಿಂಗಳಿಂದ ದಕ್ಷಿಣದ ದಾರಿಗೆ ಪ್ರಾಯದ ಚಾಲಕ ಹೋಗಲಿ, ಪಾಕ್ ವಗಿನೊ ಗೋದಾಮಿನ ಗೇಟಿನ ಬಳಿ ನೆರಳಲ್ಲಿ ಕೂತು ಒಳಬರುವ ಲಾರಿಗಳ ನಂಬರು ಬರೆದುಕೊಳ್ಳಲಿ. ಸಂಬಳ ಅಷ್ಟೇ ಇರುತ್ತದೆ.

ಕೋ ಗುನಾವನ್ ಅವನ ಕಡೆ ನೋಡಿ, ಆಗಬಹುದೇ ಎಂದರು. ವಗಿನೊ ತಲೆಬಾಗಿಸಿ ಆಗಲಿ ಎಂದ. ನಮ್ಮಲ್ಲಿ ಧಣಿ ಕೇಳಿದಾಗ ಬೇರೆ ಉತ್ತರ ಕೊಡುವುದು ಯಾರಿಗೂ ಬಂದಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ಸಂಬಳದ ಚಿಂತೆಯಲ್ಲ. ಹತ್ತು ಬೆಂಚು, ಹತ್ತು ಲೋಟ, ಹತ್ತು ಮನೆಯ ಮದುವೆ ಮುಂಜಿ ಸುದ್ದಿ ಬಿಟ್ಟು ಅವನಿಗೆ ಬೇರೆ ಬದುಕು ಇರಲಿಲ್ಲ. ಗೇಟಿನ ಬಳಿ ಕೂತರೆ ತಾನು ಬರೀ ಮುದುಕ.

ಮನೆಗೆ ಬಂದು ಹೆಂಡತಿ ಲಸ್ಮಿಯ ಹತ್ತಿರ ಎಲ್ಲ ಹೇಳಿದ. ಆಕೆ ಕರಿಯುತ್ತಿದ್ದ ಸೋಯಾ ತೆಂಪೆಯ ಚೂರುಗಳನ್ನು ಬಾಣಲೆಯಲ್ಲೇ ಬಿಟ್ಟು ತಿರುಗಿದಳು.

"ನಿಜ ಹೇಳಿ ಬರಬೇಕಿತ್ತು ತಾನೆ?"

"ಹೇಗೆ ಹೇಳ್ಲಿ? ಬರೆದಿದ್ದು ನಾನೇ. ನಾಲ್ಕು ವಾರ ಸುಳ್ಳು ಬರೆದೆ ಅಂತ ಹೇಳ್ಲಾ?"

"ಮತ್ತೆ ಗೇಟಲ್ಲಿ ಕೂತು ನೊಣ ಹೊಡೀರಿ," ಎಂದು ಲಸ್ಮಿ ಬಾಣಲೆಯ ಕಡೆ ತಿರುಗಿದಳು. ಅಷ್ಟರಲ್ಲಿ ಒಂದು ಬದಿ ಸೀದಿತ್ತು. ಆ ಸೀದ ಚೂರುಗಳನ್ನೆಲ್ಲ ಅವನ ತಟ್ಟೆಗೇ ಹಾಕಿದಳು.

ಇತ್ತ ಬು ಹಪ್ಸಾರಿಗೆ ಆ ಎತ್ತರದ ಕಂಬ ನುಂಗಲಾರದ ತುತ್ತಾಗಿತ್ತು. ಎಲ್ಲರಿಗಿಂತ ನಿಧಾನದ ಈ ಮನುಷ್ಯನ ದಾರಿಯಿಂದ ಒಂದು ಮೂಟೆ ಸಕ್ಕರೆಯೂ ವಾಪಸು ಬಂದಿರಲಿಲ್ಲ. ಕೊರತೆಯೂ ಇರಲಿಲ್ಲ. ಮುದುಕನಾಗಿದ್ದಕ್ಕೆ ಸಕ್ಕರೆ ಮಾರಾಟವಾಗುತ್ತದೆಯೇ? ಆ ದಾರಿಯನ್ನು ಕಣ್ಣಾರೆ ನೋಡಲು ಆಕೆ ಬಿನ್ಸಾರನ ಬಳಿ ಒಂದೇ ಒಂದು ದಿನ ಕೇಳಿದಳು. ಅವನು ಗೊಣಗಿದ, ಆದರೆ ವರದಿಯ ಮೇಲೆ ಇಬ್ಬರ ಸಹಿಯೂ ಬೀಳಬೇಕಿತ್ತು. ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ವ್ಯಾನಿನ ಮುಂದಿನ ಸೀಟಿನಲ್ಲಿ ವಗಿನೊನ ಪಕ್ಕ ಒತ್ತಿಕೊಂಡು ಕೂತರು. ಹಪ್ಸಾರಿಯ ಮಡಿಲಲ್ಲಿ ಕಾಗದಗಳು, ಬಿನ್ಸಾರನ ಮಡಿಲಲ್ಲಿ ಲ್ಯಾಪ್‌ಟಾಪು.

ಬು ಪೋನಿರಾಳ ಅಂಗಡಿಯ ಮುಂದೆ ವ್ಯಾನ್ ನಿಂತಿತು. ಬಿನ್ಸಾರ್ ಫೋನಿನಲ್ಲಿ ಗಡಿಯಾರ ಒತ್ತಿದ. ವಗಿನೊ ಬೇಕೆಂದೇ ನಿಧಾನ ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ, ಬರೆದದ್ದಕ್ಕೆ ಸರಿಹೋಗಲಿ ಎಂದು. ಆದರೆ ಹೆಗಲು ಮಾತು ಕೇಳಬೇಕಲ್ಲ. ಆರು ಮೂಟೆ ಒಳಗೆ ಹೋಗಿ ಗೋಡೆಗೆ ಸಾಲಾಗಿ ಕೂತವು. ಬಿನ್ಸಾರ್ ಗಡಿಯಾರ ನೋಡಿದ, ಮೂಟೆ ಎಣಿಸಿದ, ಮತ್ತೆ ಗಡಿಯಾರ ನೋಡಿದ. ಆರು ನಿಮಿಷ.

ಅವನು ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂತು. ಬಾಯಾರಿದ್ದವನು ಮುಚ್ಚಳ ತೆಗೆದು ಒಂದೇ ಗುಟುಕು ಎಳೆದ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ವಗಿನೊ ಮರ್ಯಾದೆಗೆ ಬೀದಿಯ ಕಡೆ ನೋಡಿದ. ಹಪ್ಸಾರಿ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ಮರೆಯಲ್ಲಿ ನಕ್ಕಳು. ಬು ಪೋನಿರಾ ಏನೂ ನೋಡದವಳಂತೆ ಮಾತು ಶುರುಮಾಡಿದಳು. ಮೇಲಿನ ಕೇರಿಯ ದಾರ್ಸೊ ಮಗಳ ಮದುವೆ ಮುಗಿಯಿತು, ಊರಿಗೆ ಊರೇ ಬಂದಿತ್ತು, ಕೋಳಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಮೊಣಕಾಲು ನೋವು ಹಾಗೇ ಇದೆ.

"ಮುಯ್ಯಿ ತುಂಬಾ ಬಂತಾ?" ಎಂದು ವಗಿನೊ ಕೇಳಿದ.

"ಅಯ್ಯೋ, ಕೇಳ್ಬೇಡಿ. ಮನೆಗೊಬ್ಬರಂತೆ ಮುಯ್ಯಿಗೆ ಸಕ್ಕರೇನೇ ಹೊತ್ಕೊಂಡು ಹೋಗಿದ್ದಾರೆ. ಅವರ ಮನೇಲಿ ಕಾಲಿಡೋಕೆ ಜಾಗ ಇಲ್ಲ. ನಾಳೆ ನಾಡಿದ್ದು ಎಲ್ಲ ನನ್ನ ಅಂಗಡಿಗೇ ವಾಪಸು ತಂದು ಮಾರ್ತಾರೆ."

"ಹಾಗಾದ್ರೆ ಮುಂದಿನ ವಾರ ಸಕ್ಕರೆ ಬೇಡ."

"ಎರಡು ವಾರ ಬೇಡ. ಆಮೇಲೆ ಸುರೊ ತಿಂಗಳು, ಶುಭಕಾರ್ಯಕ್ಕಾಗದ ತಿಂಗಳು, ಮದುವೆ ಎಲ್ಲಿಂದ ಬರಬೇಕು? ತಗೊಳ್ಳಿ, ಆರಿ ಹೋಗತ್ತೆ."

ಬಿನ್ಸಾರ್ ಲ್ಯಾಪ್‌ಟಾಪು ತೆರೆದ. ಹಿಂದಿನ ಎರಡು ವಾರ ಈ ಅಂಗಡಿಯಲ್ಲಿ ಸಕ್ಕರೆ ಭರ್ಜರಿ ಮಾರಾಟವಾಗಿತ್ತು. ಅದನ್ನು ನೋಡಿ ಅವನ ಗಣಕ ಬುದ್ಧಿವಂತಿಕೆಯಿಂದ, ಮುಂದಿನ ವಾರ ಎಂಟು ಮೂಟೆ ಕಳಿಸಿ ಎಂದು ಹೇಳುತ್ತಿತ್ತು. ಅವನು ಅದನ್ನು ಸುಮ್ಮನೆ ಹಪ್ಸಾರಿಯ ಕಡೆ ತಿರುಗಿಸಿದ. ಇಬ್ಬರೂ ಒಂದೇ ಪರದೆಯನ್ನು ಒಂದೇ ಮುಖ ಮಾಡಿಕೊಂಡು ನೋಡಿದ್ದು ಆ ತಿಂಗಳಲ್ಲಿ ಅದೇ ಮೊದಲು.

ವ್ಯಾನ್ ಹೊರಟ ಮೇಲೆ ಬಿನ್ಸಾರ್ ಕೇಳಿಯೇಬಿಟ್ಟ. "ಪಾಕ್, ಇಳಿಸೋಕೆ ಆರು ನಿಮಿಷ. ಇಪ್ಪತ್ತೈದು ಅಂತ ಯಾಕೆ ಬರೆದ್ರಿ?"

ವಗಿನೊ ಗೇರು ಬದಲಿಸಿದ. ಒಂದು ಹಳ್ಳಿ ದಾಟಿತು. ಕಬ್ಬಿನ ಗದ್ದೆ ದಾಟಿತು. ಇನ್ನೊಂದು ಹಳ್ಳಿಯೂ ಅರ್ಧ ದಾಟಿತು. ಈಗ ಹೇಳದಿದ್ದರೆ ಗೇಟು, ಹೇಳಿದರೆ ಸುಳ್ಳುಗಾರ. ಕೊನೆಗೆ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದ.

"ಮಾಸ್ ಬಿನ್ಸಾರ್, ಚಹಾಕ್ಕೆ ನಿಮ್ಮ ಹಾಳೇಲಿ ಜಾಗ ಇರಲಿಲ್ಲ. ವ್ಯರ್ಥ ಅಂತ ಒಂದೇ ಇತ್ತು. ಆ ಅಮ್ಮ ಕೊಟ್ಟ ಚಹಾನ ವ್ಯರ್ಥ ಅಂತ ಬರೆದು, ಆ ಅಮ್ಮನ ಕೈಲೇ ಹೇಗೆ ಸಹಿ ಹಾಕಿಸ್ಲಿ? ಸುಳ್ಳು ಬರೆದೆ. ತಪ್ಪಾಯ್ತು."

ಬಿನ್ಸಾರ್ ಮಡಿಲಿನ ಲ್ಯಾಪ್‌ಟಾಪು ಮುಚ್ಚಿದ. 

"ತಪ್ಪು ನಿಮ್ಮದಲ್ಲ, ಪಾಕ್," ಎಂದಳು ಹಪ್ಸಾರಿ. "ಹಾಳೆ ನಂದು. ಒಂದು ಅಂಗಡೀಗೂ ಹೋಗದೆ, ಆಫೀಸಲ್ಲಿ ಕೂತು ಗೆರೆ ಹಾಕ್ದೆ."

"ಗೆರೆ ಅವರದು, ವ್ಯರ್ಥ ಅನ್ನೋ ಹೆಸರು ನಂದು," ಎಂದ ಬಿನ್ಸಾರ್. ಸುಟ್ಟ ನಾಲಿಗೆಯಿಂದ ಅವನ ಮಾತು ಸ್ವಲ್ಪ ತೊದಲುತ್ತಿತ್ತು.

ಕೀರ್ತಿ ಹಂಚಿಕೊಳ್ಳುವ ಪಂಡಿತರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಪ್ಪನ್ನು ಹಂಚಿಕೊಂಡವರು ಇವರಿಬ್ಬರೇ. ಅವತ್ತು ಉಳಿದ ಒಂಬತ್ತು ಅಂಗಡಿಗಳಲ್ಲಿ ಬಿನ್ಸಾರ್ ‘ತಗೊಳ್ಳಿ’ ಎನ್ನುವವರೆಗೆ ಕಾದ. ಆರನೆಯ ಅಂಗಡಿಯಲ್ಲಿ ಯಾವ ಮನೆಯಲ್ಲಿ ಮದುವೆ ಎಂದು ತಾನೇ ಕೇಳಿದ. ಸಂಜೆ ಮರಳುವಾಗ ಅವನಿಗಾಗಿ ಹತ್ತು ಲೋಟ ಚಹಾದ ಉಪದ್ರವಕ್ಕೆ ದಾರಿಯಲ್ಲಿ ಎರಡು ಸಲ ವ್ಯಾನ್ ನಿಲ್ಲಿಸಬೇಕಾಯಿತು.

ಕೋ ಗುನಾವನ್ ಅವರ ಮುಂದೆ ನಿಂತು ಬಿನ್ಸಾರ್ ತನ್ನ ಮಾತನ್ನು ತಾನೇ ವಾಪಸು ತೆಗೆದುಕೊಂಡ. ದಕ್ಷಿಣದ ದಾರಿ ಪಾಕ್ ವಗಿನೊಗೇ ಇರಲಿ. ಅವರು ದಿನವೂ ಸಂಜೆ ಕೇಳಿ ಬಂದ ಸುದ್ದಿಯನ್ನು ಗೋದಾಮಿನವರು ಬರೆದುಕೊಳ್ಳಲಿ, ಬೇರೆ ದಾರಿಯ ಚಾಲಕರೂ ಅಂಗಡಿಗಳಲ್ಲಿ ಕೂತು ಕೇಳಿಕೊಂಡು ಬರಲಿ. ಕೋ ಗುನಾವನ್ ಇಷ್ಟಕ್ಕೆ ಜಕಾರ್ತದವರು ಬೇಕಿತ್ತೇ ಎಂಬ ಮುಖ ಮಾಡಿದರು, ಆದರೆ ಒಪ್ಪಿದರು.

ಹೊಸ ಹಾಳೆಯ ಮೇಲೆ ಮಾತ್ರ ಇಬ್ಬರಿಗೂ ಮತ್ತೆ ಜಗಳ ಹತ್ತಿತು. ನಾಲ್ಕನೆಯ ಕಾಲಮಿಗೆ ಬಿನ್ಸಾರ್ ‘ಗ್ರಾಹಕ ಮಾಹಿತಿ ಸಂಗ್ರಹ’ ಎಂದು ಹೆಸರಿಟ್ಟ. ಹಪ್ಸಾರಿ ಅದಕ್ಕಿಂತ ಉದ್ದದ್ದೊಂದನ್ನು ತಂದಳು, ಅದನ್ನು ಪೂರ್ತಿ ಓದಲು ಒಂದು ಲೋಟ ಚಹಾ ಬೇಕಿತ್ತು. ಕೊನೆಗೆ ವಗಿನೊನನ್ನು ಕರೆದು ಕೇಳಿದರು. ಅವನು ಇಬ್ಬರಿಗೂ ನೋವಾಗದಂತೆ ಹೇಳುವುದು ಹೇಗೆಂದು ಯೋಚಿಸಿ, ಚಹಾ ಅಂತ ಬರೆದರೆ ಅಂಗಡಿಯವರಿಗೆ ಓದಲು ಸುಲಭ ಎಂದ. ‘ವ್ಯರ್ಥ’ ಹೋಗಿ ಆ ಜಾಗಕ್ಕೆ ಚಹಾ ಬಂತು.

ಹೊಸ ಹಾಳೆಯ ಮೊದಲ ದಿನ ವಗಿನೊ ಬು ಪೋನಿರಾಳ ಬೆಂಚಿನ ಮೇಲೆ ಕೂತು ಬರೆದ. ‘ಇಳಿಸುವುದು’ ಎಂಬಲ್ಲಿ ಆರು ಎಂದು ಬರೆಯುವಾಗ ಅವನಿಗೆ ಎಂಥದೋ ಸಂತೋಷವಾಯಿತು. ಐವತ್ತೆಂಟರಲ್ಲಿ ಆರು ನಿಮಿಷ. ಅದನ್ನೇ ಒಮ್ಮೆ ತಿದ್ದಿ ದಪ್ಪ ಮಾಡಿದ. ‘ಚಹಾ’ ಎಂಬಲ್ಲಿ ಹತ್ತೊಂಬತ್ತು ಎಂದು ಬರೆದು ಸಹಿಗೆ ಚಾಚಿದ.

ಬು ಪೋನಿರಾ ಕನ್ನಡಕ ಹಾಕಿಕೊಂಡು ಓದಿದಳು. ಆಕೆಯ ಮುಖ ಸಣ್ಣದಾಯಿತು.

"ಹತ್ತೊಂಬತ್ತೇ? ಇದನ್ನ ಆ ವಿಶ್ವವಿದ್ಯಾಲಯದವರು ಓದ್ತಾರಲ್ವ? ಪೋನಿರಾ ಮನೆಗೆ ಬಂದೋರನ್ನ ಹತ್ತೊಂಬತ್ತೇ ನಿಮಿಷಕ್ಕೆ ಎಬ್ಬಿಸಿ ಕಳಿಸ್ತಾಳೆ ಅಂದ್ಕೊಳಲ್ವ?" ಎಂದವಳೇ ಹಾಳೆಯನ್ನು ಸಹಿ ಹಾಕದೆ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. "ಕೂತ್ಕೊಳ್ಳಿ, ಪಾಕ್. ಸಹಿ ಆಮೇಲೆ."

ವಗಿನೊ ಕೂತ. ಎರಡನೆಯ ಲೋಟ ಬಂತು. ಆಕೆ ತಗೊಳ್ಳಿ ಎನ್ನುವವರೆಗೆ ಅವನು ಅದನ್ನು ಮುಟ್ಟಲಿಲ್ಲ.