ಬಂಡೂರು ಟಗರಿಗೆ ಬಂದ ಸ್ಟೇಷನ್ನು

ಆಟದ ರೈಲಿನ ಆ ಕೆಂಪು ಸ್ಟೇಷನ್ನು ನಮ್ಮ ಮನೆಗೆ ಬಿದ್ದದ್ದು ಒಂದು ಬಂಡೂರು ಟಗರಿಗೆ. ಟಗರು ನಮ್ಮಪ್ಪನದಲ್ಲ, ಅಪ್ಪನ ತಂಗಿ ದೇವೀರತ್ತೆಯದು. ಅವಳನ್ನು ಒಂದು ಮಾತು ಕೇಳದೆ ಅಪ್ಪ ಕೊಟ್ಟುಬಿಟ್ಟಿದ್ದ. ಬೆಲೆಯ ಮಾತನ್ನು ಮೊದಲೇ ಆಡಿ ಮುಗಿಸುವುದು ನನ್ನ ಅಭ್ಯಾಸ, ಆಮೇಲೆ ಮನಸ್ತಾಪ ಇರುವುದಿಲ್ಲ. ಈಗಲೂ ಮಂಡ್ಯದ ನನ್ನ ಬಣ್ಣದ ಅಂಗಡಿಯ ಹಿಂದೆ ಯಾರಾದರೂ ಸುಣ್ಣದ ಕಲ್ಲಿಗೆ ನೀರು ಹುಯ್ದು, ಆ ಬಿಸಿ ಹಬೆ ಮೂಗಿಗೆ ಬಡಿಯಿತೆಂದರೆ ಸಾಕು, ಅದರ ಹಿಂದೆ ಒದ್ದೆ ಕೆಮ್ಮಣ್ಣಿನ ವಾಸನೆ, ಅದರ ಹಿಂದೆ ಇದ್ದಿಲ ಹೊಗೆ, ಅದರ ಹಿಂದೆ ನಿಡಘಟ್ಟದ ನಮ್ಮ ಹೋಟೆಲಿನ ಅಂಗಳವೇ ಎದ್ದು ಬಂದು ನಿಲ್ಲುತ್ತದೆ. ಗಿರಾಕಿ ಎದುರಿಗೆ ನಿಂತು ಚೌಕಾಸಿ ಮಾಡುತ್ತಿದ್ದರೂ ಆ ಗಳಿಗೆ ನಾನು ಅಲ್ಲಿರುವುದಿಲ್ಲ. ಕೇಳಿದವರಿಗೆ ಕೇಳಿದ ದರಕ್ಕೆ ಕೊಟ್ಟು ಕಳಿಸಿದ್ದೂ ಉಂಟು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಕಬ್ಬಿಣದ ಪೀಪಾಯಿ, ಅದರೊಳಗೆ ಕೆಂಡ. ಬೆಂಗಳೂರಿನಿಂದ ಮೈಸೂರಿಗೆ ಹೊರಟ ಬಸ್ಸು ನಮ್ಮೂರು ಮುಟ್ಟುವ ಹೊತ್ತಿಗೆ ಕೆಂಡ ಸೊರಗಿ ಏದುಸಿರು ಬಿಡುತ್ತಿತ್ತು. ಡ್ರೈವರು ಇಳಿದು ಇದ್ದಿಲು ಸುರಿದು, ಹಿಡಿ ತಿರುಗಿಸಿ ಗಾಳಿ ಹಾಕುವಷ್ಟು ಹೊತ್ತು ಜನ ರಸ್ತೆಯಲ್ಲಿ ನಿಂತಿರುತ್ತಿದ್ದರು. ಅಪ್ಪನ ಲೆಕ್ಕಾಚಾರ ಸರಳವಾಗಿತ್ತು. ಸುಮ್ಮನೆ ನಿಂತವರು ರಸ್ತೆ ನೋಡುತ್ತಾರೆ. ನೋಡಲು ಏನಾದರೂ ಇದ್ದರೆ ಒಳಕ್ಕೆ ಬಂದು ಕೂರುತ್ತಾರೆ. ಕೂತವರು ಕಾಫಿ ಕೇಳದೆ ಏಳುವುದಿಲ್ಲ. ಮಂಡ್ಯದಲ್ಲಿ ನಾಲೆಯ ಕೆಲಸದ ಮೇಲಿದ್ದ ಒಬ್ಬ ಬಿಳಿ ದೊರೆ ಊರು ಬಿಟ್ಟು ಹೊರಟಿದ್ದ. ಅವನ ಬಂಗಲೆಯ ಅಡಿಗೆಯವನ ಬಳಿ, ದೊರೆಯ ಮಕ್ಕಳು ಬಿಟ್ಟುಹೋದ ಒಂದು ಪೆಟ್ಟಿಗೆ ಇತ್ತು: ಕೀಲಿ ಕೊಟ್ಟರೆ ಓಡುವ ಇಂಜಿನ್ನು, ನಾಲ್ಕಾರು ಡಬ್ಬಿ, ಹೂತೋಟದ ನೆಲಕ್ಕೆ ಹಾಸುವ ಕಂಬಿ. ಅಡಿಗೆಯವನಿಗೆ ಕೊನೆಯ ಔತಣಕ್ಕೆ ಒಳ್ಳೆಯ ಟಗರು ಬೇಕಿತ್ತು. ಬಂಡೂರು ಕುರಿಯ ಮಾಂಸದ ರುಚಿ ದೊರೆಗಳಿಗೂ ಗೊತ್ತು. ವ್ಯಾಪಾರ ಕುದುರಿತು.

ದೇವೀರತ್ತೆ ಮದುವೆಯಾಗಿ ಹೋದದ್ದು ಬಂಡೂರಿಗೆ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ, ಆ ಮನೆಯಿಂದ ಸೆರಗಿನಲ್ಲಿ ಸುತ್ತಿಕೊಂಡು ತಂದದ್ದು ಒಂದು ಕುರಿಮರಿಯನ್ನು. ಅದನ್ನೇ ಕೈತುತ್ತು ಕೊಟ್ಟು ಟಗರು ಮಾಡಿದ್ದಳು. ಊರಿಗೆಲ್ಲ ಅವಳ ರಂಗೋಲೆಯ ಕೈ ಹೆಸರುವಾಸಿಯಾಗಿತ್ತು. ಗಂಡ ಹೋದ ದಿನದಿಂದ ಆ ಕೈಗೆ ಹೊಸ್ತಿಲು ನಿಂತುಹೋಯಿತು. ನಮ್ಮವ್ವ ಬರೆದರೆ ಕೋಳಿ ಕೆದಕಿದ ಹಾಗಿರುತ್ತಿತ್ತು, ಆದರೂ ಅವ್ವನೇ ಬರೆಯಬೇಕು, ಅವಳು ಮುತ್ತೈದೆ. ಅತ್ತೆ ಹಿಂದಿನ ಬಾಗಿಲಲ್ಲಿ ಕೂತು ಟಗರಿನ ಮೈ ಸವರುತ್ತಿದ್ದಳು. ಈಗ ಅದೂ ಹೋಯಿತು. ಅವಳು ಕೂಗಲಿಲ್ಲ, ಅಳಲಿಲ್ಲ; ಅಪ್ಪನ ಜೊತೆ ಮಾತು ಬಿಟ್ಟಳು, ಅಷ್ಟೆ. ಅವನ ತಟ್ಟೆಗೆ ಮುದ್ದೆ ಇಡುವಾಗ ಗೋಡೆ ನೋಡುತ್ತಿದ್ದಳು.

ಅಪ್ಪ ಕನಕಾಂಬರದ ಪಾತಿಯ ಸುತ್ತ, ತೆಂಗಿನ ಬುಡ ಬಳಸಿ ಕಂಬಿ ಹಾಸಿದ. ರೈಲು ಓಡಿತು, ಜನ ಕೂತರು, ಕಾಫಿ ಕೇಳಿದರು. ಆದರೆ ಮದ್ದೂರಿನ ಬಾಷಾ ಸಾಬರು, ಇದ್ದಿಲ ಬಸ್ಸಿನ ಡ್ರೈವರು, ಮಸಿ ಕೈ ಒರೆಸಿಕೊಳ್ಳುತ್ತ ಒಂದು ದಿನ ನಕ್ಕರು: "ಗೌಡ್ರೆ, ನಿಮ್ ರೈಲಿಗೆ ತಲೆ ಕೆಟ್ಟದೆ. ಎಲ್ಲೂ ನಿಂತ್ಕಳಕಿಲ್ಲ, ಯಾರ್ನೂ ಅತ್ತುಸ್ಕಳಕಿಲ್ಲ. ನಮ್ ಮದ್ದೂರ್ನಂಗೆ ಒಂದು ಇಟ್ಟಿಗೆ ಸ್ಟೇಷನ್ ಕಟ್ಸಿ."

"ನಿಮ್ ಬಸ್ಸು ಕೆಟ್ಟು ನಿಂತ್ಕಳಾದ್ರಿಂದ ನಾವ್ ಉಣ್ತಾ ಇದೀವಿ, ಬುಡಿ ಸಾಬ್ರೆ," ಎಂದ ಅಪ್ಪ. ಅಂದರೂ ಮಾತು ನಾಟಿತು. ಸೋಪಿನ ಪೆಟ್ಟಿಗೆಯ ಹಲಗೆ ಬಿಚ್ಚಿ ಗೋಡೆ ನಿಲ್ಲಿಸಿದ, ತಗಡು ಮಡಿಸಿ ಚಾವಣಿ ಮಾಡಿದ. ಹಲಗೆಗೆ ಜೇಡಿಮಣ್ಣು, ಸಗಣಿ ಕಲಸಿ ಮೆತ್ತಿದೆವು. ಅದು ಒಣಗಿದ ಮೇಲೆ ಹುಣಿಸೆಬೀಜದ ಅಂಟಿಗೆ ಕೆಮ್ಮಣ್ಣು ಬೆರೆಸಿ ಬಳಿದೆವು. ಇಟ್ಟಿಗೆಯ ಗೆರೆ ಹಾಕುವ ಕೆಲಸ ನನಗೆ ಬಂತು. ಅಕ್ಕಿಹಿಟ್ಟಿನ ನೀರಲ್ಲಿ ಕಡ್ಡಿ ಅದ್ದಿ ಅಡ್ಡಗೆರೆ ಎಳೆದೆ, ಉದ್ದಗೆರೆಯನ್ನು ಮೇಲಿನಿಂದ ಕೆಳಗಿನವರೆಗೂ ಒಂದೇ ನೇರಕ್ಕೆ ಎಳೆದೆ. ಬಾಷಾ ಸಾಬರು ಬಗ್ಗಿ ನೋಡಿದರು. "ಇದೇನ್ಲಾ ಮರಿ, ಗ್ವಾಡೆನೋ, ಬೆಂಕಿಪೆಟ್ಟಿಗೆ ಪೇರ್ಸಿರಾದೋ? ಯಾರಾರ ಸೀನುದ್ರೆ ಸ್ಟೇಷನ್ನೇ ಬಿದ್ದೋಯ್ತದಲ್ಲಾ!" ಬಸ್ಸಿನವರೆಲ್ಲ ನಕ್ಕರು. ನನಗೆ ಕಣ್ಣು ತುಂಬಿ ಬಂತು. ಏನು ತಪ್ಪೆಂದು ಮಾತ್ರ ತಿಳಿಯಲಿಲ್ಲ.

ಬಸ್ಸು ಹೋದ ಮೇಲೆ ಅಡಿಗೆಮನೆಯ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ನೇರ ಚುಕ್ಕಿ ಮಡಗ್‌ಬ್ಯಾಡ ಕಣ್ಲಾ. ಸಂದ್‌ಚುಕ್ಕಿ ಮಡಗು. ಕೆಳ್ಗಿನ್ ಎರಡ್ರ ಸಂದ್ಗೆ ಮ್ಯಾಲಿನ್ ಒಂದು." ರಂಗೋಲೆಯಲ್ಲಿ ಚುಕ್ಕಿ ಇಡುವ ಎರಡು ಬಗೆ ಅವು. ನಾನು ಮತ್ತೆ ಪ್ರಯತ್ನಿಸಿದೆ, ಮತ್ತೆ ಕೆಡಿಸಿದೆ. ಅಪ್ಪ ಕಡ್ಡಿ ಕಿತ್ತುಕೊಂಡು ಬಾಗಿಲ ಕಡೆ ಚಾಚಿದ. "ನೀನೇ ಬಂದು ಹಾಕು, ದೇವೀರಿ."

ಅಜ್ಜಿ ಜಗಲಿಯಿಂದ ಎದ್ದೇಬಿಟ್ಟಳು. "ಬುದ್ಧಿ ಅದಾ ನಿಂಗೆ? ಮುಂಬಾಗ್ಲಲ್ಲಿ, ಓಗೋರು ಬರೋರ ಕಣ್ಮುಂದೆ, ಇವ್ಳ ಕೈಲಿ ಗೆರೆ ಹಾಕ್ಸೀಯಾ? ನಿಮ್ಮಪ್ಪ ತೀರೋದ್ಮೇಲೆ ನಾನೂ ಕೈ ಕಟ್ಕಂಡು ಕುಂತಿಲ್ವಾ?"

"ಇದು ರಂಗೋಲೆ ಅಲ್ಲ ಕಣವ್ವ, ಗಾರೆ ಕೆಲ್ಸ," ಎಂದ ಅಪ್ಪ. ಚೌಕಾಸಿಯಲ್ಲಿ ಅವನನ್ನು ಮೀರಿಸಿದವರನ್ನು ನಾನು ಇದುವರೆಗೂ ಕಂಡಿಲ್ಲ. "ಗಾರೆ ಕೆಲ್ಸಕ್ಕೆ ಗಂಡ ಇದ್ರೇನು, ಇಲ್ದಿದ್ರೇನು?"

"ಗಾರೆ ಕೆಲ್ಸವಾ? ಕೂಲಿ ಏನ್ ಕೊಟ್ಟೀಯಾ?" ಎಂದಳು ಅಜ್ಜಿ.

ಉತ್ತರ ಬಂದದ್ದು ಬಾಗಿಲ ಹಿಂದಿನಿಂದ: "ಕೂಲಿ ತಿಂದ್ಕಂಡು ದೊರೆ ಊರ್ಗೋದ."

ಅಪ್ಪ ತಲೆ ತಗ್ಗಿಸಿದ. ಅತ್ತೆ ಹೊರಗೆ ಬಂದಳು. ಅಂಗಳದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಸ್ಟೇಷನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಬರೆಯತೊಡಗಿದಳು. ಸಂಜೆಯ ಹೊತ್ತಿಗೆ ಇಟ್ಟಿಗೆ ಇಟ್ಟಿಗೆಯಾಗಿ ಗೋಡೆ ಎದ್ದು ನಿಂತಿತ್ತು. ಕಿಟಕಿಯ ಮೇಲೆ ಕಮಾನು, ಕಮಾನಿನ ಇಟ್ಟಿಗೆಗಳು ಸೇವಂತಿಗೆ ಎಸಳಿನ ಹಾಗೆ ಸುತ್ತುವರಿದಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ಗೆರೆಗಳಿಗೆ ಇರುವೆ ಸಾಲುಗಟ್ಟಿದ್ದವು, ಉಳಿದದ್ದನ್ನು ಕೋಳಿಗಳು ಕುಕ್ಕಿ ಗೋಡೆಗೆ ಗಾಯ ಮಾಡಿದ್ದವು. ಅಕ್ಕಿಹಿಟ್ಟಲ್ಲವೇ! ಅತ್ತೆ ನೋಡಿ ಒಳಗೆ ತಿರುಗಿದಳು. ದೇವರೇ ಬೇಡವೆಂದ ಎಂದು ಅಜ್ಜಿ ಹೇಳುತ್ತಾಳೆ, ಇನ್ನು ಮುಗಿಯಿತು ಎಂದುಕೊಂಡೆ. ಅಜ್ಜಿ ಎಲೆಯಡಿಕೆಯ ಚೀಲ ಬಿಚ್ಚಿ ಸುಣ್ಣದ ಡಬ್ಬಿ ತೆಗೆದಳು, ಅದನ್ನು ಅತ್ತೆಯ ದಾರಿಗೆ ಅಡ್ಡ ಹಿಡಿದಳು. "ಗಾರೆ ಕೆಲ್ಸಕ್ಕೆ ಯಾರಾರ ಅಕ್ಕಿಹಿಟ್ಟು ಹಾಕಾರಾ? ಸುಣ್ಣ ಹಾಕ್ಬೇಕು. ತಗೊ. ಬೇವಿನ ಕಡ್ಡಿ ಜಗ್ದು ಕುಂಚ ಮಾಡ್ಕ, ಬೆರಳು ಸುಟ್ಕಂಡೀಯೆ." ಅತ್ತೆ ಡಬ್ಬಿ ತೆಗೆದುಕೊಂಡಳು. ಅಜ್ಜಿ ಅವತ್ತೆಲ್ಲ ಬರಿ ಎಲೆ ಜಗಿದಳು, ಪಕ್ಕದಲ್ಲೇ ಕೂತು ಕೋಳಿ ಅಟ್ಟಿದಳು. ಮಧ್ಯಾಹ್ನ ಒಮ್ಮೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಕಡ್ಡಿ ಇಸಿದುಕೊಂಡು ಹಿಂದಿನ ಗೋಡೆಯ ಮೂಲೆಯಲ್ಲಿ ತಾನೂ ಒಂದು ಇಟ್ಟಿಗೆ ಬರೆದಳು. ಗೆರೆ ನಡುಗಿತ್ತು. ಅತ್ತೆ ಅದನ್ನು ತಿದ್ದಲಿಲ್ಲ.

ಪ್ರತಿ ಮಳೆಗಾಲಕ್ಕೂ ಆ ಕೆಮ್ಮಣ್ಣು ಕರಗಿ ಕನಕಾಂಬರದ ಪಾತಿಗೆ ಇಳಿಯುತ್ತಿತ್ತು. ಮಳೆ ನಿಂತ ಮೇಲೆ ಅತ್ತೆ ಮತ್ತೆ ಬಳಿದು, ಮತ್ತೆ ಬರೆಯುತ್ತಿದ್ದಳು. ಪ್ರತಿ ವರ್ಷವೂ ಕಮಾನಿಗೆ ಹೊಸ ಎಸಳು. ಬಸ್ಸಿನ ಹೆಂಗಸರು ಕಾಫಿ ಲೋಟ ಹಿಡಿದು ಬಂದು, "ಇದ್ಯಾರ ಕೈ ಕಣಮ್ಮ?" ಎನ್ನುವರು. ಅಪ್ಪ, "ನಮ್ ತಂಗೀದು," ಎಂದು ಒಲೆಯ ಕಡೆಯಿಂದಲೇ ಕೂಗುವನು. ಒಂದು ಬೇಸಗೆಯಲ್ಲಿ ಅವನು ಬಂಡೂರಿನಿಂದ ಹೆಗಲ ಮೇಲೆ ಮರಿಯೊಂದನ್ನು ಹೊತ್ತು ತಂದು ಅತ್ತೆಯ ಮುಂದೆ ಇಳಿಸಿದ. ಅವಳು ಅದರ ಕಿವಿ ಸವರಿದಳು. ಅಷ್ಟು ದಿನದ ಮೇಲೆ ಅಣ್ಣನ ಮುಖ ನೋಡಿ ಮಾತಾಡಿದಳು: "ಇದ್ನ ಸಾಕಕ್ಕೆ ನಂಗೆಲ್ಲಣ್ಣ ಬುಡುವು? ಚಾವಣಿ ಕೆಳ್ಗಡೆ ಸುಣ್ಣ ಎದ್ದೋಗದೆ."

ಯುದ್ಧ ಮುಗಿದು ಪೆಟ್ರೋಲು ಬಂತು. ಬಸ್ಸುಗಳು ಹಾರನ್ನು ಹೊಡೆದು ಹಾಗೇ ಹೋಗತೊಡಗಿದವು. ಬಾಷಾ ಸಾಬರೊಬ್ಬರು ಮಾತ್ರ ಕೈ ಬೀಸುತ್ತಿದ್ದರು. ಇಂಜಿನ್ನಿನ ಸ್ಪ್ರಿಂಗು ಮುರಿದು ರೈಲು ನಿಂತ ಮೇಲೂ ಅತ್ತೆ ಸ್ಟೇಷನ್ನಿಗೆ ಬಣ್ಣ ತಪ್ಪಿಸಲಿಲ್ಲ. ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ, ಅತ್ತೆಯೂ ಇಲ್ಲ. ಆ ಅಂಗಳ ಅಗಲವಾದ ರಸ್ತೆಯ ಕೆಳಗೆ ಇದೆ. ಬಸ್ಸಿನಲ್ಲಿ ಹೋಗುವಾಗ ನಿಡಘಟ್ಟ ಬಂದರೆ ನನಗೆ ಕಾಲು ಮೇಲೆತ್ತಿಕೊಳ್ಳಬೇಕು ಅನ್ನಿಸುತ್ತದೆ.

ಇಂಥದ್ದೊಂದನ್ನು ನೀವೂ ಮಕ್ಕಳಿಗೆ ಮಾಡುವುದಾದರೆ ಕೇಳಿ. ಹಲಗೆ ಒಣಗಿದ್ದಿರಲಿ. ಮೆತ್ತಿದ ಮಣ್ಣು ಪೂರಾ ಆರುವ ತನಕ ಬಣ್ಣ ಮುಟ್ಟಬೇಡಿ. ಇಟ್ಟಿಗೆಗೆ ಸಂದುಚುಕ್ಕಿ ಇಡಿ, ಗೆರೆಗೆ ಸುಣ್ಣವೇ ಇರಲಿ, ಕೋಳಿ ಇರುವ ಮನೆಯಲ್ಲಂತೂ ಅಕ್ಕಿಹಿಟ್ಟು ಬೇಡ. ಇನ್ನು ಬಣ್ಣ. ವರ್ಷಗಟ್ಟಲೆ ಮಾಸದ ಎಣ್ಣೆಬಣ್ಣ ನನ್ನ ಅಂಗಡಿಯಲ್ಲೇ ಇದೆ, ಬೇಕೆಂದರೆ ದರದಲ್ಲಿ ಬಿಟ್ಟೂ ಕೊಡುತ್ತೇನೆ. ಆದರೆ ಕೈ ಕಟ್ಟಿಕೊಂಡು ಕೂತವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಅದನ್ನು ಒಯ್ಯಬೇಡಿ. ಕೆಮ್ಮಣ್ಣನ್ನೇ ಬಳಿಯಿರಿ. ಮಳೆಗೆ ಹೋಗಲಿ.