ಕೆಳಗಿಳಿಯದ ಕೆಸರು ಮತ್ತು ಮಾಸೂರಿನ ಶಿವಲೀಲಾ

ಕೆಲಸಕ್ಕೆ ಸೇರಿದ ದಿನ ನನ್ನನ್ನು ಕರೆದೊಯ್ದು ನಿಲ್ಲಿಸಿದ್ದು ಒಂದು ದೊಡ್ಡ ದುಂಡನೆಯ ತೊಟ್ಟಿಯ ದಂಡೆಯ ಮೇಲೆ. ಊರಿನ ಹೊಲಸು ನೀರು ಅಲ್ಲಿಗೆ ಬಂದು, ಕೆಸರು ತಳಕ್ಕಿಳಿದು, ಮೇಲಿನ ತಿಳಿನೀರು ಮಾತ್ರ ನದಿಗೆ ಹೋಗಬೇಕು. ನಾನು ಕಂಡದ್ದೇ ಬೇರೆ. ಕಂದು ಕೆಸರು ಮೋಡಮೋಡವಾಗಿ ಮೇಲೆದ್ದು, ಅಂಚು ದಾಟಿ ನದಿಯ ಕಾಲುವೆಗೆ ಸುರಿಯುತ್ತಿತ್ತು. ಎಂಜಿನಿಯರ್ ಮೆಹ್ತಾ ಸಾಹೇಬರು ಹಣೆ ಚಚ್ಚಿಕೊಂಡು "ಕಾದವ್! ಕಾದವ್!" ಎಂದರು. ಕಾದವ್ ಎಂದರೆ ಗುಜರಾತಿಯಲ್ಲಿ ಕೆಸರು. ಆ ಭಾಷೆಯಲ್ಲಿ ನಾನು ಕಲಿತ ಮೊದಲ ಮಾತು ಅದು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಸವಣೂರಿನ ವೈಷ್ಣವರ ಮನೆಯ ಮಗಳು, ಸುಧಾ. ಅಪ್ಪ ಸಂಸ್ಕೃತದ ಮಾಸ್ತರು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಗುಜರಾತಿನ ಒಂದು ಊರಿನ ಹೊಲಸು ನೀರು ಶುದ್ಧ ಮಾಡುವ ಘಟಕದ ಪ್ರಯೋಗಾಲಯದಲ್ಲಿ ನೌಕರಿ ಹಿಡಿದಿದ್ದೆ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯ ಉಪ್ಪು ತಿಂದಿದ್ದೇನೆ. ಹೊರಡುವಾಗ ಅವ್ವ, "ಇಷ್ಟೆಲ್ಲಾ ಓದಿ ಗಟಾರದ ನೀರು ನೋಡ್ಲಿಕ್ಕೆ ಹೊಂಟೀಯಲ್ಲ" ಎಂದು ಮುಖ ತಿರುಗಿಸಿದ್ದಳು.

ಮನೆ ಸಿಕ್ಕಿದ್ದು ಪೋಳ್‌ನಲ್ಲಿ. ಪೋಳ್ ಎಂದರೆ ಒಂದೇ ಹೆಬ್ಬಾಗಿಲಿನ ಇಕ್ಕಟ್ಟಾದ ಓಣಿ. ಒಬ್ಬರ ಗೋಡೆಗೆ ಇನ್ನೊಬ್ಬರ ಮನೆ. ಮಾಲಕಿ ಹಂಸಾಬೆನ್, ಬೆನ್ ಎಂದರೆ ಅಕ್ಕ. ಸವಣೂರಿನಲ್ಲಿ ನಮ್ಮ ಓಣಿಯವರು ಕೇಳದೆ ಒಳಗೆ ಬಂದು ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಿದ್ದರು. ಇಲ್ಲಿಯೂ ಹಾಗೆಯೇ, ಆದರೆ ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ಬೇಳೆಸಾರಿಗೆ ಬೆಲ್ಲ ಹಾಕುತ್ತಿದ್ದರು. ಒಂದು ತುತ್ತಿಗೇ ನನ್ನ ನಾಲಿಗೆ ಮುಷ್ಕರ ಹೂಡುತ್ತಿತ್ತು. ಪುಸ್ತಕ ತಂದು ಗುಜರಾತಿಯ ವ್ಯಾಕರಣ ಕಲಿತೆ. ತಪ್ಪಾದೀತೆಂಬ ಅಂಜಿಕೆಯಲ್ಲಿ ಬಾಯಿ ಮಾತ್ರ ಬಿಡಲಿಲ್ಲ.

ಕೆಲ ತಿಂಗಳಲ್ಲಿ ಪ್ರಯೋಗಾಲಯಕ್ಕೆ ಇನ್ನೊಬ್ಬಳು ಬಂದಳು. ಹಿರೇಕೆರೂರು ತಾಲೂಕಿನ ಮಾಸೂರಿನ ಶಿವಲೀಲಾ, ಒಕ್ಕಲುತನದ ಮನೆಯವಳು, ನನ್ನಷ್ಟೇ ಓದಿದವಳು. ನಮ್ಮ ಕಡೆಯವಳು ಸಿಕ್ಕಳೆಂದು ಹಿಗ್ಗಿ ನನ್ನ ಕೋಣೆಯಲ್ಲೇ ಇರಿಸಿಕೊಂಡೆ. ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಬಂದ ವಾರದಲ್ಲೇ ಅವಳು ಹಂಸಾಬೆನ್ನರ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಗಂಡುಪದ ಹೆಣ್ಣುಪದ ಎಲ್ಲ ಕಲಸಿ ಗುಜರಾತಿ ಮಾತಾಡುತ್ತಿದ್ದಳು, ಇಡೀ ಪೋಳ್ ನಗುತ್ತಿತ್ತು, ಅವಳೂ ನಗುತ್ತಿದ್ದಳು.

"ಅಕ್ಕಾರ, ನೀವು ಯಾಕ ಅಷ್ಟ ಅಂಜತೀರಿ? ತಪ್ಪಾದ್ರ ನಗತಾರ, ಹೊಡೀತಾರೇನ್ರಿ?" ಎನ್ನುತ್ತಿದ್ದಳು.

ನಾನು ಬಂದಾಗ ಮುಚ್ಚಿದ್ದ ಬಾಗಿಲುಗಳೆಲ್ಲ ಅವಳಿಗೆ ತೆರೆದವು. ರಾಯರ ಆರಾಧನೆಗೆ ನಾನು ಒಬ್ಬಳೇ ಪಾಯಸ ಮಾಡಿ ಒಬ್ಬಳೇ ಉಂಡವಳು. ಅವಳ ಸಂಕ್ರಾಂತಿಗೆ ಓಣಿಯ ಹೆಂಗಸರೆಲ್ಲ ಎಳ್ಳು ಹಂಚಲು ಬಂದರು. ಹೊಟ್ಟೆ ಉರಿಯಿತು. ಇದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ.

ಕೆಲಸದಲ್ಲಾದರೂ ಮುಂದಿರಬೇಕೆಂದು ಹಟ ತೊಟ್ಟೆ. ದಿನಾ ಬೆಳಿಗ್ಗೆ ಕೆಸರಿನ ನೀರನ್ನು ಗಾಜಿನ ಉದ್ದ ಜಾಡಿಗೆ ತುಂಬಿ ಅರ್ಧ ಗಂಟೆ ಬಿಡುತ್ತಿದ್ದೆವು. ಆರೋಗ್ಯದ ಕೆಸರು ಗಂಟುಗಟ್ಟಿ ಕೆಳಗಿಳಿಯುತ್ತದೆ. ನಮ್ಮದು ಹಿಂಜಿದ ಅರಳೆಯ ಹಾಗೆ ಜಾಡಿಯ ತುಂಬ ಉಬ್ಬಿಕೊಂಡೇ ಇರುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆ ಎಳೆಯಾದ ಜೀವಾಣುಗಳು. ಅವು ಹೊರಕ್ಕೆ ಚಾಚಿಕೊಂಡು ಕೆಸರಿನ ಕಣಗಳನ್ನು ಒಂದರ ಹತ್ತಿರ ಒಂದು ಬರಗೊಡುತ್ತಿರಲಿಲ್ಲ. ತಳದಿಂದ ಎತ್ತಿ ಗಾಳಿಯೂದುವ ತೊಟ್ಟಿಗೆ ಮರಳಿಸುವ ಕೆಸರಿಗೆ ಬ್ಲೀಚಿಂಗ್ ಪುಡಿ ಬೆರೆಸೋಣ, ಹೊರಚಾಚಿದ ಎಳೆಗಳು ಮೊದಲು ಸಾಯುತ್ತವೆ ಎಂದು ನಾನು ಸೂಚಿಸಿದೆ. ಪ್ರಮಾಣ ಹೆಚ್ಚಾದರೆ ಹೊಲಸನ್ನು ತಿಂದು ನೀರು ತಿಳಿಗೊಳಿಸುವ ಒಳ್ಳೆಯ ಜೀವಾಣುಗಳೂ ಸಾಯುತ್ತವೆಂದು ನಾನೇ ನಿಂತು ಅಳೆದು ಬೆರೆಸಿದೆ. ಕೆಸರು ಇಳಿಯಿತು. ಮೆಹ್ತಾ ಸಾಹೇಬರು ಪೇಡೆ ತರಿಸಿದರು. ಆ ವಾರ ನನಗೆ ಬೆಲ್ಲದ ಬೇಳೆಯೂ ರುಚಿಸಿತು.

ಮುಂದಿನ ವಾರ ಕೆಸರು ಮತ್ತೆ ಉಬ್ಬಿತು. ನದಿಯ ಕೆಳಗಿನ ದಂಡೆಯಲ್ಲಿ ಬದನೆ, ಸೌತೆ ಬೆಳೆಯುವವರು ಗೇಟಿಗೆ ಬಂದು ಕೂತರು. ಅವರ ಪಂಪುಗಳ ಬಾಯಿಗೆ ಕೆಸರು ಕಟ್ಟಿತ್ತು, ಮಕ್ಕಳಿಗೆ ಮೈಯೆಲ್ಲ ತುರಿ. ಹೀಗೇ ಆದರೆ ಘಟಕವನ್ನೇ ನಿಲ್ಲಿಸಿ ಹೊಲಸನ್ನು ನೇರ ನದಿಗೆ ಬಿಡುವುದೇ ಗತಿ ಎಂದು ಸಾಹೇಬರು ತಲೆ ತಗ್ಗಿಸಿದರು.

ಆ ಮಧ್ಯಾಹ್ನ ನಾನೂ ಶಿವಲೀಲಾಳೂ ಹೊಲಸು ನೀರು ಒಳಬರುವ ಕಾಲುವೆಯ ಬಳಿ ನಿಂತಿದ್ದೆವು. ನಾನು ಎಂದಿನಂತೆ ಮೂಗಿಗೆ ಸೆರಗು ಹಿಡಿದಿದ್ದೆ. ಅವಳು ಬಗ್ಗಿ ಮೂಸಿದಳು.

"ಅಕ್ಕಾರ, ಇದು ಗಟಾರದ ವಾಸನಿ ಅಷ್ಟ ಅಲ್ರಿ. ಮಳಿಗೆ ತೊಯ್ದ ಗೊಂಜಾಳ ಹುಳತಾಗ ಹಿಂಗ ನಾರತೈತಿ."

ಅವಳ ಅಪ್ಪ ಗೋವಿನಜೋಳವನ್ನು ಹಿರೇಕೆರೂರಿನ ಪೇಟೆಗೆ ಒಯ್ಯುತ್ತಿದ್ದ. ನಾವಿಬ್ಬರೂ ಕಾಲುವೆಯ ಗುಂಟ ನಡೆದೆವು. ಊರ ಹೊರಗೆ, ಬಟ್ಟೆಗೆ ಹಾಕುವ ಗಂಜಿಪುಡಿ ತಯಾರಿಸುವ ಹೊಸ ಕಾರ್ಖಾನೆ ಸಿಕ್ಕಿತು. ಗೋವಿನಜೋಳ ನೆನೆಹಾಕಿದ ನೀರು ಬೆಳ್ಳಗೆ ನಮ್ಮ ಕಾಲುವೆಗೆ ಬೀಳುತ್ತಿತ್ತು. ಅದನ್ನು ತಂದು ಪರೀಕ್ಷಿಸಿದವಳು ನಾನು. ಬರೀ ಪಿಷ್ಟ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಅರೆಹೊಟ್ಟೆಯ ಊಟದಲ್ಲಿ ಒಳ್ಳೆಯ ಜೀವಾಣುಗಳು ಸೊರಗುತ್ತವೆ, ಎಳೆಯಂಥವು ಕೊಬ್ಬುತ್ತವೆ. ಸಾರಜನಕಕ್ಕೆಂದು ಯೂರಿಯಾ ಕರಗಿಸಿ ಹಾಕಿದೆವು, ಗಾಳಿ ಹೆಚ್ಚಿಸಿದೆವು, ಕಾರ್ಖಾನೆಯವರು ನೀರನ್ನು ಒಮ್ಮೆಗೇ ಬಿಡದಂತೆ ಸಾಹೇಬರು ಒಪ್ಪಿಸಿದರು. ನನ್ನ ಬ್ಲೀಚಿಂಗ್ ಪುಡಿ ಹಳೆಯ ಎಳೆಗಳನ್ನು ಕತ್ತರಿಸಿತು. ಕೆಲ ವಾರಗಳಲ್ಲಿ ಜಾಡಿಯ ಮೇಲರ್ಧ ಕನ್ನಡಿಯಾಯಿತು.

ತೋಟದವರು ಸೌತೆಕಾಯಿಯ ಬುಟ್ಟಿ ತಂದರು. "ಲೀಲಾಬೆನ್ ಎಲ್ಲಿ?" ಎಂದು ನನ್ನನ್ನೇ ಕೇಳಿದರು.

"ಈ ಅಕ್ಕಾರ ಇಲ್ದಿದ್ರ ನನ್ನ ಮೂಗು ಏನ್ ಮಾಡತಿತ್ತು?" ಎಂದು ಅವಳು ಕನ್ನಡದಲ್ಲಿ ಕೂಗಿದಳು. ಅವರಿಗೆ ತಿಳಿಯಲಿಲ್ಲ. ನಾನೂ ಗುಜರಾತಿಗೆ ತಿರುಗಿಸಿ ಹೇಳಲಿಲ್ಲ. ನನ್ನ ಹೊಗಳಿಕೆಯನ್ನು ನಾನೇ ಹೇಗೆ ಹೇಳಿಕೊಳ್ಳಲಿ? ಆದರೆ ಆ ಸಿಟ್ಟಿನಲ್ಲೇ ಬುಟ್ಟಿ ತಂದ ಮುದುಕನೊಂದಿಗೆ ಬೆಳೆಯ ಬಗ್ಗೆ ಗುಜರಾತಿಯಲ್ಲೇ ಮಾತಿಗಿಳಿದೆ. ತಪ್ಪಾಯಿತು, ಅವನು ನಕ್ಕ. ಹೊಡೆಯಲಿಲ್ಲ.

ಎರಡು ವರ್ಷದ ಮೇಲೆ ಶಿವಲೀಲಾ ಶಿಗ್ಗಾವಿಯ ದನದ ಡಾಕ್ಟರನ್ನು ಮದುವೆಯಾಗಿ ಹೊರಟುಹೋದಳು. ಅಲ್ಲಿಯೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದಳು. ಪ್ರಯೋಗಾಲಯವೂ ಪೋಳ್ ಕೂಡ ಈಗ ನನ್ನವು ಎಂದುಕೊಂಡೆ.

ಮುಂದಿನ ರಜೆಗೆ ಸವಣೂರಿಗೆ ಬಂದಾಗ ನಮ್ಮ ಅಡುಗೆಮನೆಯಲ್ಲಿ ಶಿವಲೀಲಾ ಇದ್ದಳು. ನನ್ನ ಯೋಗಕ್ಷೇಮ ಹೇಳಲು ಒಮ್ಮೆ ಬಂದವಳು, ಈಗ ತಿಂಗಳಿಗೊಮ್ಮೆಯಾದರೂ ಶಿಗ್ಗಾವಿಯಿಂದ ಬಸ್ಸು ಹತ್ತಿ ಬರುತ್ತಾಳಂತೆ. ಮಡಿಯ ಅವ್ವ ಅವಳಿಗೆ ಚಹದ ಡಬ್ಬಿ ಇರುವ ಜಾಗ ತೋರಿಸಿಕೊಟ್ಟಿದ್ದಳು. ನಾನು ಎದ್ದರೆ, "ನೀ ಕೂಡು, ದೂರದಿಂದ ಬಂದೀ" ಎಂದಳು ಅವ್ವ. ಪರಸ್ಥಳದಲ್ಲಿ ನನ್ನ ಓಣಿಯನ್ನು ಗೆದ್ದವಳು ಈಗ ನನ್ನ ಮನೆಯನ್ನೂ ಗೆದ್ದಿದ್ದಳು. ಚಹ ಕೊಡುತ್ತ ಶಿವಲೀಲಾ ಮೆಲ್ಲಗೆ ಕೇಳಿದಳು, "ಹಂಸಾಬೆನ್ ನನ್ನ ನೆನಸತಾರೇನ್ರಿ ಅಕ್ಕಾರ? ಈಗ ಒಲಿ ಮುಂದ ನೀವ ಕುಂದರತೀರಂತ, ಕಾಗದ ಬರಿಸಿದ್ರು." ಅವಳ ದನಿ ನನಗೆ ಚೆನ್ನಾಗಿ ಗೊತ್ತಿದ್ದ ದನಿ. ಅದೇ ಉರಿ.

ಸಂಜೆ ಅವಳು ಹೊರಟಾಗ ಅವ್ವ ಬಾಗಿಲಿಗೆ ಬಂದು, "ಮತ್ತ ಯಾವಾಗ ಬರ್ತೀಯ?" ಎಂದಳು.

ಒಳಗೆ ಬಂದು ನನ್ನನ್ನು ಕೇಳಿದಳು, "ನೀ ಯಾವಾಗ ಹೋಗ್ತೀ?"